ಹೋದ ಸಲಕ್ಕೆ ಥ್ಯಾಂಕ್ಸ್

ಲೋಕವೇ ಮುಳುಗಿಹೋದರೂ ಸ್ಕಾರ್ವೋಯ ದ್ವೀಪದವರ ಶಿಷ್ಟಾಚಾರ ಮುಳುಗಲಿಲ್ಲ. ಕರೆಂಟು ಹೋಯಿತು, ಫೋನು ಹೋಯಿತು, ರಾಜಧಾನಿ ಓಸ್ಲೋದಿಂದ ಬರುತ್ತಿದ್ದ ಸುದ್ದಿ ನಿಂತಿತು, ಆಮೇಲೆ ಓಸ್ಲೋ ಕೂಡ ಇಲ್ಲವಂತೆ ಎಂದು ಯಾರೋ ಹೇಳಿದರು. ಆದರೂ ಸಭಾಭವನದ ಬಾಗಿಲಲ್ಲಿ ಬೂಟು ಬಿಚ್ಚಿ ಸಾಲಾಗಿ ಇಡುವುದು ತಪ್ಪಲಿಲ್ಲ. ಕಾಫಿ ಮುಗಿಯುವ ತನಕ ಯಾರೂ ಜಗಳದ ಮಾತು ಎತ್ತುವಂತಿರಲಿಲ್ಲ, ಮುಗಿದ ಮೇಲೆ ಎತ್ತುವುದಂತೂ ಇನ್ನೂ ಕೆಟ್ಟದ್ದು. ಹಸಿವಿನಿಂದ ಕರುಳು ಕಿತ್ತುಬರುತ್ತಿದ್ದರೂ ವಾಫಲ್ ಎಂಬ ಸಿಹಿ ದೋಸೆಯ ಎರಡನೆಯ ತುಂಡು ತಟ್ಟೆಯ ಹತ್ತಿರ ಬಂದಾಗ "ಬೇಡ ಬೇಡ, ಸಾಕು" ಎನ್ನಲೇಬೇಕಿತ್ತು. ಹದಿನೇಳು ವರ್ಷದ ಎಲ್ದ್ರಿದ್‌ಗೆ ಇದನ್ನೆಲ್ಲ ಕಂಡರೆ ಮೈ ಉರಿಯುತ್ತಿತ್ತು.

ಅದರಲ್ಲೂ ಒಂದು ಮಾತು ಕಿವಿಗೆ ಬಿದ್ದರೆ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆ ಕಡಲತೀರದ ಜನ ಪರಿಚಯದವರನ್ನು ಮತ್ತೆ ಕಂಡಾಗ ಮೊದಲು ಹೇಳುವುದು "ಹೋದ ಸಲಕ್ಕೆ ಥ್ಯಾಂಕ್ಸ್" ಎಂದು. ಹೋದ ಸಲ ಮದುವೆಯಲ್ಲಿ ಸಿಕ್ಕಿರಲಿ, ಮಣ್ಣಿಗೆ ಹೋದಾಗ ಸಿಕ್ಕಿರಲಿ, ಬೇಲಿಯ ತಕರಾರಿನಲ್ಲಿ ಕೊರಳಪಟ್ಟಿ ಹಿಡಿದುಕೊಂಡಿರಲಿ, ಮಾತು ಅದೇ. ಅದಕ್ಕೆ ಉತ್ತರವೂ ಒಂದೇ, "ನಿಮ್ಗೂ ಥ್ಯಾಂಕ್ಸ್." ಅಷ್ಟಾದರೆ ಹಳೆಯದೆಲ್ಲ ತೊಳೆದು ಹೋದಂತೆ. ಯಾರೂ ಯಾರಿಗೂ ಏನೂ ಮಾಡಿಲ್ಲ, ಯಾರಿಗೂ ಏನೂ ಆಗಿಲ್ಲ.

ಮರೆವಿನ ಜ್ವರ ಬಂದು ಲೋಕವನ್ನು ಗುಡಿಸಿಹಾಕಿದಾಗ ಈ ಮಾತಿಗೆ ಇನ್ನೊಂದು ಕೆಲಸ ಸಿಕ್ಕಿತು. ಜ್ವರ ಬಂದವರು ಸಾಯುತ್ತಿರಲಿಲ್ಲ. ಒಂದೆರಡು ದಿನ ಮಲಗಿ ಎದ್ದು ಕೂರುತ್ತಿದ್ದರು. ಆದರೆ ಎದ್ದು ಕೂತದ್ದು ಅವರಲ್ಲ, ಅವರ ಅಭ್ಯಾಸ. ಅಂಚೆಯವನು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದ. ಆಚೆ ದಡದ ಒಬ್ಬಾಕೆ ಅಂಗೈಯ ಚರ್ಮ ಸುಲಿದು ಬಂದರೂ ಮೆಟ್ಟಿಲ ಮೇಲೆ ನಿಂತು ಚಾಪೆ ಕೊಡವುತ್ತಲೇ ಇದ್ದಳು. ಯಾರಾದರೂ ಮಾತಾಡಿಸಿದರೆ ಆಡಿದ ಮಾತನ್ನೇ ತಿರುಗಿ ಒಪ್ಪಿಸುತ್ತಿದ್ದರು. ಅದಕ್ಕೇ ಅವರಿಗೆ ಗಿಳಿಗಳು ಎಂದು ಹೆಸರಾಯಿತು. ಹೊಟ್ಟೆ ತುಂಬಿರುವಷ್ಟು ಹೊತ್ತು ಗಿಳಿಗಳು ಸಾಧು. ಹಸಿದರೆ ಮಾತ್ರ ಎದುರಿಗೆ ಸಿಕ್ಕಿದವರನ್ನು ಹರಿದು ತಿನ್ನುತ್ತಿದ್ದವು, ತಿಂದಾದ ಮೇಲೆ ಬಾಯಿ ಒರೆಸಿಕೊಂಡು "ಊಟಕ್ಕೆ ಥ್ಯಾಂಕ್ಸ್" ಎನ್ನುತ್ತಿದ್ದವು. ಹುಟ್ಟಿದಾಗಿನಿಂದ ಪ್ರತಿ ಊಟ ಮುಗಿಸಿ ಹೇಳಿದ ಮಾತು, ಅದೊಂದನ್ನು ಜ್ವರಕ್ಕೂ ಅಳಿಸಲು ಆಗಲಿಲ್ಲ.

ಸ್ಕಾರ್ವೋಯಕ್ಕೂ ಆಚೆ ದಡಕ್ಕೂ ನಡುವೆ ಕಡಲ ಮೇಲೆ ಕಲ್ಲಿನ ಒಡ್ಡು ಇತ್ತು, ಅದರ ಮೇಲೆ ರಸ್ತೆ. ದ್ವೀಪದವರು ಒಡ್ಡಿನ ಈ ತುದಿಗೆ ಕಬ್ಬಿಣದ ಗೇಟು ನಿಲ್ಲಿಸಿದರು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪ್ರಶ್ನೆಗೆ ಉತ್ತರ ಕಂಡುಹಿಡಿದವನು ಆಸ್ಲಾಕ್. ಲೋಕ ಇದ್ದಾಗ ಆತ ದೋಣಿ ಸಂಘದ ಅಧ್ಯಕ್ಷ, ಲೋಕ ಹೋದ ಮೇಲೆ ದ್ವೀಪದ ಅಧ್ಯಕ್ಷ. ಅವನನ್ನು ಯಾರೂ ಆರಿಸಲಿಲ್ಲ, ಆದರೆ ಸಭೆಯ ಮುಂದಿನ ಕುರ್ಚಿಯಲ್ಲಿ ಅವನೇ ಕೂತದ್ದರಿಂದ ಏಳು ಎನ್ನುವುದು ಯಾರಿಗೂ ಚೆನ್ನಾಗಿ ಕಾಣಲಿಲ್ಲ. "ಗೇಟಿಗೆ ಬಂದವರಿಗೆ ‘ಹೋದ ಸಲಕ್ಕೆ ಥ್ಯಾಂಕ್ಸ್’ ಅನ್ನೋಣ. ಗಿಳಿಯಾದ್ರೆ ಅದನ್ನೇ ತಿರುಗಿ ಹೇಳತ್ತೆ. ಮನುಷ್ಯನಾದ್ರೆ ‘ನಿಮ್ಗೂ ಥ್ಯಾಂಕ್ಸ್’ ಅಂತಾನೆ" ಎಂದು ಅವನು ಹೇಳಿದಾಗ ಸಭೆ ತಲೆದೂಗಿತು. ಮನುಷ್ಯತ್ವವನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋದ ಶರತ್ಕಾಲದಲ್ಲಿ ಉಪ್ಪು, ಔಷಧಿ ತರಲು ಆಚೆ ದಡಕ್ಕೆ ಹೋದ ಗುಂಪಿನಲ್ಲಿ ಎಲ್ದ್ರಿದ್‌ಳ ಅಣ್ಣ ಯೂಸ್ತೈನ್ ಇದ್ದ. ಉಳಿದವರು ಓಡಿಬಂದು ಗೇಟು ದಾಟಿದರು. ಯೂಸ್ತೈನ್ ಹಿಂದೆ ಬಿದ್ದ, ಏಕೆಂದರೆ ದಾರಿಯಲ್ಲಿ ಕಾಲು ಮುರಿದು ಬಿದ್ದಿದ್ದ ಮುದುಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ. ಅವನ ಹಿಂದೆ, ಇನ್ನೂ ಸಾಕಷ್ಟು ದೂರದಲ್ಲಿ, ಗಿಳಿಗಳು ಬರುತ್ತಿದ್ದವು. ಅವನು ಗೇಟಿಗೆ ಕೈ ಇಡುವಷ್ಟರಲ್ಲಿ ಆಸ್ಲಾಕ್ ಬೀಗ ಹಾಕಿದ.

ಆ ಸಂಜೆ ಸಭೆ ಸೇರಿತು. ಕಾಫಿ ಬಂತು, ಕಂದು ಚೀಸ್ ಹಚ್ಚಿದ ವಾಫಲ್ ಬಂತು. "ತುಂಬ ದುಃಖದ ವಿಷಯ, ಆದ್ರೆ ಸರಿಯಾದ ನಿರ್ಧಾರ" ಎಂದು ಆಸ್ಲಾಕ್ ಹೇಳಿದ. ಎಲ್ಲರೂ ಎಲ್ದ್ರಿದ್‌ಳ ತಾಯಿ ಗುನ್‌ವೋರ್ ಕಡೆ ತಿರುಗಿದರು. ಅವಳು ತಟ್ಟೆ ನೋಡುತ್ತ ಕೂತಿದ್ದಳು. ಏಳುವಾಗ "ಕಾಫಿಗೆ ಥ್ಯಾಂಕ್ಸ್" ಎಂದಳು. ಮಗ ಗೇಟಿನ ಆಚೆ ಉಳಿದ ದಿನ ತಾಯಿಯ ಬಾಯಿಂದ ಬಂದದ್ದು ಅಷ್ಟೇ. ಗುನ್‌ವೋರ್‌ಳ ಧೈರ್ಯವನ್ನು ದ್ವೀಪವೆಲ್ಲ ಹೊಗಳಿತು. ಎಲ್ದ್ರಿದ್ ಮಾತ್ರ ಆವತ್ತಿನಿಂದ ತಾಯಿಯ ಮುಖ ನೋಡುವುದನ್ನು ಬಿಟ್ಟಳು.

ಒಂದೇ ಮನೆಯಲ್ಲಿ ಇಬ್ಬರೂ ಚಳಿಗಾಲ ಕಳೆದರು. "ಊಟಕ್ಕೆ ಥ್ಯಾಂಕ್ಸ್" ಎಂದು ಮಗಳು ತಟ್ಟೆ ತೊಳೆದಿಡುವಳು. "ಇರ್ಲಿ ಬಿಡು" ಎಂದು ತಾಯಿ ಒಲೆಗೆ ಕಟ್ಟಿಗೆ ಒಟ್ಟುವಳು. ಇದರಾಚೆ ಒಂದು ಮಾತಿಲ್ಲ. ತಾಯಿಯನ್ನು ಶಿಕ್ಷಿಸಬೇಕೆಂದು ಎಲ್ದ್ರಿದ್ ಹೂಡಿದ ಉಪಾಯ ಅದು. ತನಗೂ ಶಿಷ್ಟಾಚಾರ ಬರುತ್ತದೆ ಎಂದು ತೋರಿಸುವ ಹಟ.

ಚಳಿಗಾಲದ ಕೊನೆಗೆ ಆಚೆ ದಡದಿಂದ ಒಂದು ಸಂಸಾರ ಗೇಟಿಗೆ ಬಂತು. ಗಂಡ, ಹೆಂಡತಿ, ಹೆಂಡತಿಯ ತಮ್ಮ. "ನಿಮ್ಗೂ ಥ್ಯಾಂಕ್ಸ್" ಎಂದು ಮೂವರೂ ಅಚ್ಚುಕಟ್ಟಾಗಿ ಹೇಳಿದರು. ಆಸ್ಲಾಕ್‌ಗೆ ಬಹಳ ಸಂತೋಷವಾಯಿತು. ಅದಾಗಿ ಸ್ವಲ್ಪ ದಿನಕ್ಕೆ ದ್ವೀಪದಲ್ಲಿ ನೆಗಡಿ ಶುರುವಾಯಿತು. ಒಂದು ಮನೆಯಾದ ಮೇಲೆ ಒಂದು ಮನೆ ಮಲಗಿ ಎದ್ದಿತು. ಹೇಗಿದ್ದೀರಿ ಎಂದರೆ "ಚೆನ್ನಾಗಿದೀವಿ, ಥ್ಯಾಂಕ್ಸ್" ಎಂದರು. ಹುಷಾರಾದೆ ಎಂದವರನ್ನು ಮತ್ತೆ ಕೆದಕಿ ಕೇಳುವುದು ಅಲ್ಲಿನವರ ರೂಢಿಯಲ್ಲ. ಜ್ವರ ತಮ್ಮ ದ್ವೀಪಕ್ಕೆ ಬರುವುದಿದ್ದರೆ ಬಾಗಿಲು ತಟ್ಟಿ ಬರುತ್ತದೆ ಎಂದುಕೊಂಡಿದ್ದರೋ ಏನೋ. ಆಮೇಲೆ ಸಭೆಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಲೀಸಾಗಿ ನಡೆಯತೊಡಗಿದವು. ಆಸ್ಲಾಕ್ ಏನು ಹೇಳಿದರೂ ಎಲ್ಲ ಕೈಗಳೂ ಒಟ್ಟಿಗೆ ಮೇಲೇಳುತ್ತಿದ್ದವು. "ಕಷ್ಟಕಾಲ ನಮ್ಮನ್ನ ಒಗ್ಗೂಡಿಸ್ತು" ಎಂದು ಆತ ಕಣ್ಣೊರೆಸಿಕೊಂಡ. ವಾಫಲ್ ಮಾಡುವ ಬೋರ್ಗಿಲ್ಡ್ ಅಜ್ಜಿ ಹೆಣೆಯುತ್ತಲೇ ಹೋದ ಸ್ವೆಟರಿನ ತೋಳು ಅವಳ ಮೊಣಕಾಲು ದಾಟಿ ನೆಲ ಮುಟ್ಟಿತ್ತು. ಯಾರ ಕೈಗೆ ಅಜ್ಜಿ ಇದು ಎಂದು ಯಾರೂ ಕೇಳಲಿಲ್ಲ. ಎಲ್ದ್ರಿದ್ ಕೂಡ ಅದನ್ನು ಕಂಡು ಮುದುಕಿಗೆ ಅರಳುಮರಳು ಎಂದು ಮೂಗು ಮುರಿದಳು, ಅಷ್ಟೆ. ಅವಳಿಗೆ ದ್ವೀಪದವರೆಲ್ಲರ ಮೇಲೂ ತಿರಸ್ಕಾರ, ಆ ತಿರಸ್ಕಾರದಲ್ಲಿ ಯಾರನ್ನೂ ನೆಟ್ಟಗೆ ನೋಡದೆ ಹೋದಳು.

ಯೂಸ್ತೈನ್ ಹಿಂದಿರುಗಿದ್ದು ಹಿಮ ಕರಗುತ್ತಿದ್ದ ಒಂದು ಮಧ್ಯಾಹ್ನ. ಗೇಟಿನಲ್ಲಿ ಎಲ್ದ್ರಿದ್ ಮತ್ತು ಆಸ್ಲಾಕ್ ಇದ್ದರು. ಒಡ್ಡಿನ ಮೇಲೆ ಬಡಕಲಾದ ಗಂಡಸೊಬ್ಬ ಮುರಿದ ದೋಣಿಹುಟ್ಟನ್ನು ಊರಿಕೊಂಡು ಬರುತ್ತಿದ್ದ. ಗಡ್ಡ ಎದೆಗೆ ಇಳಿದಿತ್ತು. ಆಸ್ಲಾಕ್ ಬಂದೂಕು ಎತ್ತಿ, ಗಂಟಲು ಸರಿಪಡಿಸಿಕೊಂಡು ಕೂಗಿದ.

"ಹೋದ ಸಲಕ್ಕೆ ಥ್ಯಾಂಕ್ಸ್!"

"ಯಾವುದಕ್ಕೋ ಥ್ಯಾಂಕ್ಸು?" ಎಂದ ಆ ಮನುಷ್ಯ. "ಹೋದ ಸಲ ಮೂಗಿನ ಮೇಲೇ ಗೇಟ್ ಹಾಕ್ದೆಯಲ್ಲ, ಅದಕ್ಕಾ? ಆ ಮುದುಕ ನನ್ನ ಬೆನ್ನ ಮೇಲೇ ಸತ್ತ, ಅದಕ್ಕಾ? ನಾಚಿಕೆಗೆಟ್ಟ ಹಂದಿ!"

ಎಲ್ದ್ರಿದ್ ಗೇಟಿಗೆ ನುಗ್ಗಿದಳು. ಆ ಬೈಗುಳ ಅವಳಿಗೆ ಮುಖಕ್ಕಿಂತ ಮೊದಲು ಗುರುತು ಸಿಕ್ಕಿತು. "ಅಣ್ಣಾ!" ಎಂದು ಗೇಟಿನ ಸರಳು ಹಿಡಿದಳು.

"ಉತ್ತರ ತಪ್ಪು" ಎಂದ ಆಸ್ಲಾಕ್.

"ತಪ್ಪೇನ್ರೀ ತಪ್ಪು? ನಮ್ಮಣ್ಣ ಅದು! ಕಣ್ಣು ಕಾಣಲ್ವಾ ನಿಮ್ಗೆ? ಬೀಗ ತೆಗೀರಿ!"

"ನೋಡು ಮಗು, ಮುಖ ಯಾರದ್ದಾದ್ರೂ ಇರಬಹುದು. ಗಿಳಿಗಳಿಗೂ ಮುಖ ಇರತ್ತೆ. ನಿಯಮ ಅಂದ್ರೆ ಎಲ್ರಿಗೂ ಒಂದೇ. ಇವತ್ತು ನಿಮ್ಮಣ್ಣನಿಗೆ ಬಿಟ್ರೆ ನಾಳೆ ಇನ್ನೊಬ್ರು ಕೇಳ್ತಾರೆ."

ಎಲ್ದ್ರಿದ್ ಅಣ್ಣನ ಕಡೆ ತಿರುಗಿದಳು. "ಹೇಳ್ಬಿಡೋ ಅಣ್ಣ. ಎರಡು ಪದ ಅಷ್ಟೆ. ನಿನ್ನ ಗಂಟೇನು ಹೋಗತ್ತೆ?"

"ಹೇಳಲ್ಲ" ಎಂದ ಯೂಸ್ತೈನ್. "ನೀನು ಸುಮ್ನೆ ಕೇಳಿಲ್ಲಿ. ಚಳಿಗಾಲ ಪೂರ್ತಿ ಆಚೆ ದಡದ ದೋಣಿಮನೆ ಅಟ್ಟದ ಮೇಲೆ ಒಣಮೀನು ಅಗೀತಾ ಬಿದ್ದಿದ್ದೆ. ಕೆಳಗೆ ಗಿಳಿಗಳು. ಇವನು ಬಂದೋರಿಗೆಲ್ಲ ಇಲ್ಲಿ ನಿಂತು ಕೂಗೋದು ನೀರಿನ ಮೇಲೆ ಅಲ್ಲೀವರೆಗೂ ಕೇಳತ್ತೆ. ಪ್ರಶ್ನೇನೂ ಕೇಳತ್ತೆ, ಉತ್ತರಾನೂ ಕೇಳತ್ತೆ. ಎಲ್ಲಾ ಗಿಳಿಗೂ ಬಾಯಿಪಾಠ ಆಗೋಗಿದೆ ಕಣೇ! ಬೆಳಗೆದ್ದು ಒಂದಕ್ಕೊಂದು ಹೇಳ್ಕೊಳ್ತವೆ, ಹೋದ ಸಲಕ್ಕೆ ಥ್ಯಾಂಕ್ಸ್, ನಿಮ್ಗೂ ಥ್ಯಾಂಕ್ಸ್. ಒಂದಾದ್ರೂ ತಪ್ಪು ಹೇಳಲ್ಲ. ತಪ್ಪು ಹೇಳೋಕೆ ಮನುಷ್ಯನೇ ಆಗ್ಬೇಕು."

ಆಸ್ಲಾಕ್ ನಕ್ಕ. ತಿಳಿವಳಿಕೆ ಇಲ್ಲದವರನ್ನು ಕಂಡಾಗ ನಗುವ ನಗು ಅದು. ಎಲ್ದ್ರಿದ್‌ಗೆ ನಗು ಬರಲಿಲ್ಲ. ಚಳಿಗಾಲದ ಕೊನೆಗೆ ಅಚ್ಚುಕಟ್ಟಾಗಿ ಉತ್ತರ ಕೊಟ್ಟು ಒಳಗೆ ಬಂದ ಮೂವರು ಅವಳ ಕಣ್ಣ ಮುಂದೆ ಬಂದರು.

"ಮತ್ತೆ ಯಾರು ಗಿಳಿ, ಯಾರು ಅಲ್ಲ ಅಂತ ಹೆಂಗೆ ಗೊತ್ತಾಗತ್ತೆ?" ಎಂದು ಕೇಳಿದಳು.

"ಬೈದು ನೋಡು. ಗಿಳಿಗೆ ಏನೇ ಅನ್ನು, ಅವಮಾನ ಆಗಲ್ಲ, ಬಾಯಿಪಾಠ ಆಗಿರೋದನ್ನೇ ಒಪ್ಪಿಸತ್ತೆ." ಯೂಸ್ತೈನ್ ಹಿಂದೆ ತಿರುಗಿ ನೋಡಿದ. ಒಡ್ಡಿನ ಆಚೆ ತುದಿಯಲ್ಲಿ ಜನ ನಿಂತಂತೆ ಕಾಣುತ್ತಿತ್ತು. ಒಂದಿಷ್ಟು ಜನ, ಸಾಲಾಗಿ, ತಳ್ಳಾಟವಿಲ್ಲದೆ. "ಅವುಗಳಿಗೆ ತಿನ್ನೋಕೆ ಏನೂ ಉಳಿದಿಲ್ಲ. ವಾಸನೆ ಹಿಡ್ಕೊಂಡು ಬರ್ತಿದಾವೆ. ಬೇಗ ಏನಾದ್ರೂ ಮಾಡು, ಎಲ್ದ್ರಿದ್. ಈ ಸಲ ಹಿಂದಕ್ಕೆ ಓಡೋ ಶಕ್ತಿ ಇಲ್ಲ ನಂಗೆ."

ಬೀಗದ ಕೈ ಆಸ್ಲಾಕ್‌ನ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ಎಲ್ದ್ರಿದ್ ಅದಕ್ಕೆ ಕೈ ಹಾಕಿದಳು. ಆತ ಬಂದೂಕಿನ ಹಿಡಿಯಿಂದ ಅವಳನ್ನು ಹಿಂದಕ್ಕೆ ತಳ್ಳಿದ, ತಳ್ಳಿ "ಕ್ಷಮಿಸು" ಎಂದ. "ನಾನೇನು ಕಟುಕ ಅಲ್ಲ. ವಿಷಯ ಸಭೆ ಮುಂದೆ ಇಡ್ತೀನಿ. ಸಭೆ ಬಿಡು ಅಂದ್ರೆ ಬಿಡ್ತೀನಿ. ಇದಕ್ಕಿಂತ ನ್ಯಾಯ ಏನು ಬೇಕು?"

ನ್ಯಾಯವಂತೆ! ಒಬ್ಬನ ಪ್ರಾಣ ಗೇಟಿಗೆ ಒರಗಿ ನಿಂತಿರುವಾಗ ಈತ ಸಭೆಗೆ ಹೊರಟ. ಓಡಲೂ ಇಲ್ಲ. ಎಲ್ದ್ರಿದ್ ಅವನ ಹಿಂದೆ ಓಡುತ್ತ, ಮುಂದೆ ಓಡುತ್ತ, ಶಪಿಸುತ್ತ ಸಭಾಭವನ ಮುಟ್ಟಿದಳು. ಬಾಗಿಲಲ್ಲಿ ಆಸ್ಲಾಕ್ ಬಂದೂಕು ಒರಗಿಸಿಟ್ಟು, ಬಗ್ಗಿ ಎರಡೂ ಬೂಟಿನ ದಾರ ಬಿಚ್ಚಿದ. ಎಲ್ದ್ರಿದ್ ಕೂಡ ಅಭ್ಯಾಸಬಲದಿಂದ ತನ್ನ ಬೂಟು ಕಿತ್ತೆಸೆದು ಒಳಗೆ ನುಗ್ಗಿದಳು.

ಒಳಗೆ ಮಧ್ಯಾಹ್ನದ ಕಾಫಿಗೆ ದ್ವೀಪವೆಲ್ಲ ಸೇರಿತ್ತು. ಉದ್ದನೆಯ ಮೇಜಿನ ಎರಡೂ ಬದಿಗೆ ಜನ ಕೂತಿದ್ದರು. ಉಗ್ರಾಣದಲ್ಲಿ ಹಿಟ್ಟೂ ಒಣಮೀನೂ ತಳಕ್ಕೆ ಬಂದಿದ್ದರಿಂದ ಅವತ್ತು ಯಾರ ತಟ್ಟೆಗೂ ಏನೂ ಬಡಿಸಬಾರದೆಂದು ಆಸ್ಲಾಕ್ ಬೆಳಿಗ್ಗೆಯೇ ಹೇಳಿದ್ದ. ಆದರೂ ಅಭ್ಯಾಸದಂತೆ ತಟ್ಟೆಗಳನ್ನು ಇಟ್ಟಿದ್ದರು. ಖಾಲಿ ತಟ್ಟೆಯ ಮುಂದೆ ಎಲ್ಲರೂ ನೆಟ್ಟಗೆ ಕೂತು ಕಾಯುತ್ತಿದ್ದರು. ಮೇಜಿನ ಕೊನೆಯಲ್ಲಿ, ಕಿಟಕಿಯ ಹತ್ತಿರ, ಗುನ್‌ವೋರ್ ಕೂತಿದ್ದಳು.

"ಪ್ರಿಯ ನೆರೆಹೊರೆಯವರೇ" ಎಂದು ಆಸ್ಲಾಕ್ ಶುರುಮಾಡಿದ. "ಗೇಟಿಗೆ ಒಬ್ಬ ಹೊರಗಿನವನು ಬಂದಿದಾನೆ. ಪರೀಕ್ಷೆಯಲ್ಲಿ ಪಾಸಾಗಿಲ್ಲ. ಅವನನ್ನ ಒಳಗೆ ಬಿಡಬಾರದು ಅಂತ ನನ್ನ ಅಭಿಪ್ರಾಯ. ಒಪ್ಪೋರು ಕೈ ಎತ್ತಿ." ಹೇಳಿ ತನ್ನ ಕೈ ಎತ್ತಿದ. ಮೇಜಿನ ಉದ್ದಕ್ಕೂ ಕೈಗಳು ಎದ್ದವು. ಹೆಸರು ಹೇಳಲಿಲ್ಲ ಅವನು. ಹೆಸರು ಹೇಳಿದರೆ ಯಾರಿಗಾದರೂ ನೋವಾದೀತು ಎಂಬ ದೊಡ್ಡತನ.

ಎಲ್ದ್ರಿದ್ ಕೊನೆಯ ಕುರ್ಚಿಯ ಕಡೆ ನೋಡಿದಳು. ತಾಯಿಯ ಕೈಯೂ ಮೇಲಿತ್ತು.

"ಒಳಗೆ ಬಿಡ್ಬೇಕು ಅನ್ನೋರು?" ಎಂದು ಕೂಗಿ ಅವಳೂ ಕೈ ಎತ್ತಿದಳು. ಮೇಜಿನ ಉದ್ದಕ್ಕೂ ಅವೇ ಕೈಗಳು ಎದ್ದವು.

ಆಸ್ಲಾಕ್ ಹುಬ್ಬು ಗಂಟಿಕ್ಕಿದ. "ಇಲ್ಲ ಇಲ್ಲ, ನೀವು ಆಗ್ಲೇ ಮತ ಹಾಕಾಯ್ತು. ಕೈ ಇಳಿಸಿ, ದಯವಿಟ್ಟು."

"ಆಸ್ಲಾಕ್ ಅನ್ನೋನು ಕೊಳೆತ ಮೀನಿನ ತಲೆ ಅನ್ನೋರು?" ಎಂದಳು ಎಲ್ದ್ರಿದ್, ಕೈ ಮೇಲೆತ್ತಿಯೇ. ಒಂದು ಕೈಯೂ ಹಿಂದೆ ಬೀಳಲಿಲ್ಲ. ಆಸ್ಲಾಕ್‌ನ ಸ್ವಂತ ಹೆಂಡತಿ ಕೂಡ ಗಂಡನ ಕಡೆ ಪ್ರಸನ್ನವಾಗಿ ನೋಡುತ್ತ ಕೈ ಎತ್ತಿದ್ದಳು.

ಬೈದು ನೋಡು ಎಂದಿದ್ದ ಅಣ್ಣನ ಮಾತು ಎಲ್ದ್ರಿದ್‌ಗೆ ನೆನಪಾಯಿತು. ಅವಳು ಬೋರ್ಗಿಲ್ಡ್ ಅಜ್ಜಿಯ ಮುಂದೆ ಹೋಗಿ ನಿಂತಳು. ಹಿಂದೊಮ್ಮೆ ಯಾರೋ ವಾಫಲ್ ಸ್ವಲ್ಪ ದಪ್ಪ ಆಯ್ತು ಎಂದಿದ್ದಕ್ಕೆ ಈ ಅಜ್ಜಿ ಅವರು ಸಾಯುವ ತನಕ ಅವರ ಜತೆ ಮಾತು ಬಿಟ್ಟಿದ್ದಳು. "ಅಜ್ಜಿ, ನಿನ್ನ ವಾಫಲ್ ಹಳೇ ಬೂಟಿನ ಅಟ್ಟೆ ಥರ ಇರತ್ತೆ. ನಾಯಿ ಕೂಡ ಮೂಸಲ್ಲ."

"ಥ್ಯಾಂಕ್ಸ್, ನಿಂಗೂ" ಎಂದಳು ಅಜ್ಜಿ, ಹೆಣಿಗೆಯಿಂದ ಕಣ್ಣೆತ್ತದೆ.

ಮುಂದಿನವನು ಕಮ್ಮಾರ. "ನೀನು ಕುಡುಕ, ನಿಮ್ಮಪ್ಪ ಕಳ್ಳ." "ಚೆನ್ನಾಗಿದೀವಿ, ಥ್ಯಾಂಕ್ಸ್." ಅವನ ಪಕ್ಕದವಳು ಶಾಲೆಯ ಟೀಚರು. "ನಿನ್ನ ಮಗು ಸತ್ತಾಗ ನಂಗೆ ಖುಷಿಯಾಯ್ತು" ಎಂದಳು ಎಲ್ದ್ರಿದ್. ಬೇಡಿಕೊಳ್ಳುವಂತೆ ಆ ಮುಖ ನೋಡಿದಳು. ಟೀಚರು ಮುಗುಳ್ನಕ್ಕು "ತುಂಬ ಥ್ಯಾಂಕ್ಸ್" ಎಂದಳು.

ಮೇಜಿನ ಅರ್ಧಕ್ಕೆ ಬರುವಷ್ಟರಲ್ಲಿ ಆಸ್ಲಾಕ್‌ನ ಮುಖ ಬಿಳಿಚಿತ್ತು. ಅವನೇನು ಅಷ್ಟು ದಡ್ಡನಲ್ಲ, ಅವನಿಗೂ ತಿಳಿಯಿತು. ತಾನು ಇಷ್ಟು ದಿನ ಯಾರ ಮುಂದೆ ಭಾಷಣ ಮಾಡಿದೆ, ಯಾರ ಒಗ್ಗಟ್ಟಿಗೆ ಕಣ್ಣೊರೆಸಿಕೊಂಡೆ ಎಂಬುದು ತಿಳಿಯಿತು. ಆದರೆ ತಿಳಿದದ್ದನ್ನು ಒಪ್ಪಿಕೊಳ್ಳುವ ಜಾತಿ ಅದಲ್ಲ. ಅವನು ಹೆಂಡತಿಯ ಹತ್ತಿರ ಬಗ್ಗಿ, ದನಿ ನಡುಗುತ್ತಿದ್ದರೂ, "ಹೋದ ಸಲಕ್ಕೆ ಥ್ಯಾಂಕ್ಸ್" ಎಂದ.

"ನಿಮ್ಗೂ ಥ್ಯಾಂಕ್ಸ್" ಎಂದಳು ಹೆಂಡತಿ.

"ನೋಡು! ನೋಡು, ಸರಿಯಾಗೇ ಹೇಳಿದ್ಲು!" ಎಂದು ಆಸ್ಲಾಕ್ ಎಲ್ದ್ರಿದ್ ಕಡೆ ತಿರುಗಿ ಕೂಗಿದ. "ಎಲ್ರೂ ಪಾಸು! ಎಲ್ರೂ ಸರಿಯಾಗೇ ಇದಾರೆ. ನೀನು ಸುಮ್ನೆ ಸಭೆ ಕೆಡಿಸ್ತಿದೀಯ."

ಅಷ್ಟರಲ್ಲಿ ಯಾರೋ ಖಾಲಿ ತಟ್ಟೆಯನ್ನು ಚಮಚದಿಂದ ಕೆರೆದರು. ಪಕ್ಕದವರೂ ಕೆರೆದರು. ಸದ್ದು ಮೇಜಿನ ಉದ್ದಕ್ಕೂ ಹಬ್ಬಿತು. ತಟ್ಟೆಯಲ್ಲಿ ಏನೂ ಇಲ್ಲ ಎಂದು ಒಂದೊಂದೇ ತಲೆಗೆ ಗೊತ್ತಾಗುತ್ತ ಬಂತು. ಮುಖಗಳು ಮೇಲೆದ್ದವು. ಎಲ್ಲ ಮುಖದಲ್ಲೂ ಅದೇ ಪ್ರಸನ್ನತೆ, ಬಾಯಿಯ ಅಂಚಿನಿಂದ ಮಾತ್ರ ಜೊಲ್ಲು ಇಳಿಯುತ್ತಿತ್ತು.

ಎಲ್ದ್ರಿದ್ ತಾಯಿಯ ಮುಂದೆ ಬಂದು ನಿಂತಳು. ಆಚೆ ಗೇಟಿನ ಹತ್ತಿರ ಅಣ್ಣ, ಇಲ್ಲಿ ಇವಳು. ಮನೆಯಲ್ಲಿ ನೆಗಡಿ ಬಂದಿತ್ತಾ? ತಾಯಿ ಎರಡು ದಿನ ಮಲಗಿದ್ದಳಾ? ಎಲ್ದ್ರಿದ್‌ಗೆ ನೆನಪಿರಲಿಲ್ಲ, ಏಕೆಂದರೆ ಅವಳು ನೋಡಿಯೇ ಇರಲಿಲ್ಲ. ಶರತ್ಕಾಲದಿಂದ ಇವಳ ಬಾಯಿಂದ ತಾನು ಕೇಳಿದ್ದೇನು? ಇರ್ಲಿ ಬಿಡು, ಥ್ಯಾಂಕ್ಸ್, ಶುಭರಾತ್ರಿ. ಗಿಳಿಯಾದರೂ ಅಷ್ಟೇ, ತಾಯಿಯಾದರೂ ಅಷ್ಟೇ, ಎರಡಕ್ಕೂ ವ್ಯತ್ಯಾಸ ಉಳಿಯದ ಹಾಗೆ ತಾನೇ ಮಾಡಿಟ್ಟಿದ್ದಳು. ಬೈಯದೆಯೇ ಓಡಿಹೋದರೆ ಕೊನೇಪಕ್ಷ ಗೊತ್ತಾಗದೆ ಉಳಿಯುತ್ತದೆ ಎಂದು ಒಂದು ಕ್ಷಣ ಅನ್ನಿಸಿತು.

"ಅಮ್ಮ" ಎಂದಳು.

"ಏನಮ್ಮ" ಎಂದಳು ಗುನ್‌ವೋರ್, ತಟ್ಟೆ ನೋಡುತ್ತಲೇ. ಅದನ್ನು ಯಾರು ಬೇಕಾದರೂ ಹೇಳಬಹುದು.

"ಗೇಟ್ ಹತ್ರ ಬಂದಿರೋದು ಯೂಸ್ತೈನ್. ಬದುಕಿದಾನೆ. ನಿನ್ನ ಮಗನ್ನ ಸಾಯಿಸೋಕೆ ಈಗ ತಾನೆ ಕೈ ಎತ್ತಿದೆ ನೀನು. ಹೋದ ಸಲ ಕೈನೂ ಎತ್ಲಿಲ್ಲ, ಬಾಯಿನೂ ಬಿಡ್ಲಿಲ್ಲ, ಕಾಫಿ ಕುಡಿದೆ. ಮಗನ ತಿಥಿಗೆ ವಾಫಲ್ ತಿಂದೆ. ನೀನು ತಾಯಿ ಅಲ್ಲ. ಬೆಕ್ಕಿಗೂ ನಿನಗಿಂತ ಹೆಚ್ಚು ಕರುಳಿರತ್ತೆ. ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ ನಂಗೆ ಅಸಹ್ಯ ಆಗತ್ತೆ."

ಗುನ್‌ವೋರ್ ತಲೆ ಎತ್ತಿದಳು. ಮುಖ ಪ್ರಸನ್ನವಾಗಿತ್ತು.

ಆಮೇಲೆ ಮಗಳ ಕೆನ್ನೆಗೆ ಏಟು ಬಿತ್ತು. ತಲೆ ಪಕ್ಕಕ್ಕೆ ವಾಲಿ, ಕಿವಿಯೆಲ್ಲ ಗುಂಯ್ ಎನ್ನುವ ಹಾಗೆ ಬಿತ್ತು. ಎಲ್ದ್ರಿದ್ ನಕ್ಕುಬಿಟ್ಟಳು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಕ್ಕಳು. ಅವಳ ಜೀವಮಾನದಲ್ಲಿ ಯಾರೂ ಅವಳಿಗೆ ಅದಕ್ಕಿಂತ ಒಳ್ಳೆಯದನ್ನು ಕೊಟ್ಟಿರಲಿಲ್ಲ.

"ಯೂಸ್ತೈನ್?" ಎಂದಳು ಗುನ್‌ವೋರ್. ದನಿ ಒಡೆದಿತ್ತು. "ಯೂಸ್ತೈನಾ? ಆಸ್ಲಾಕ್ ಯಾರೋ ಹೊರಗಿನವನು ಅಂದ. ಎಲ್ರೂ ಕೈ ಎತ್ತಿದ್ರು, ನಾನೂ ಎತ್ತಿದೆ. ನಾನು ಕೇಳಿಸ್ಕೊಳ್ಳಲೂ ಇಲ್ಲ ಕಣೇ, ಸುಮ್ನೆ ಎತ್ತಿದೆ." ಹೇಳುತ್ತ ಹೇಳುತ್ತ ಅವಳಿಗೇ ತಾನು ಹೇಳಿದ್ದು ಕೇಳಿಸಿತು. ಕುರ್ಚಿ ಹಿಂದಕ್ಕೆ ಬಿದ್ದಿತು. ಅವಳು ಮೇಜಿನ ಪಕ್ಕದಲ್ಲಿ ನೇರ ಆಸ್ಲಾಕ್ ಬಳಿ ನಡೆದು ಹೋದಳು. "ಬೀಗದ ಕೈ ಕೊಡು."

"ಗುನ್‌ವೋರ್, ನೀನಾದ್ರೂ ಅರ್ಥ ಮಾಡ್ಕೋ. ಸಭೆ ತೀರ್ಮಾನ..."

ಅವಳು ದಾರಕ್ಕೆ ಕೈ ಹಾಕಿ ಎಳೆದಳು. ದಾರ ತುಂಡಾಯಿತು, ಆಸ್ಲಾಕ್‌ನ ಕತ್ತಿನ ಮೇಲೆ ಕೆಂಪು ಗೆರೆ ಎದ್ದಿತು. ಇಡೀ ದ್ವೀಪ ಗಿಳಿಯಾದಾಗ ಆಗದಷ್ಟು ಆಘಾತ ಅವನಿಗೆ ಇದರಿಂದ ಆಯಿತು. "ಇದೇನು ರೀತಿ!" ಎಂದ.

ಕುರ್ಚಿಗಳು ಸರಿಯುವ ಸದ್ದು. ಮೇಜಿನ ಎರಡೂ ಬದಿಯವರು ಒಟ್ಟಿಗೆ ಎದ್ದು ನಿಂತಿದ್ದರು.

"ಬನ್ರೀ, ಹೊರಗೆ ಬನ್ನಿ!" ಎಂದು ಎಲ್ದ್ರಿದ್ ಆಸ್ಲಾಕ್‌ಗೆ ಕೂಗಿದಳು. ಅಷ್ಟು ಮಾಡಿದವನಿಗೂ ಅವಳು ಕೂಗಿದಳು, ಮನುಷ್ಯಜೀವವಲ್ಲವೇ. ಆಸ್ಲಾಕ್ ಕದಲಲಿಲ್ಲ. ಬಂದೂಕು ಬಾಗಿಲಲ್ಲಿ ಬೂಟಿನ ಪಕ್ಕ ಇತ್ತು, ಸಭೆಯೊಳಗೆ ಅದನ್ನು ತರುವುದು ಸಭ್ಯತೆಯಲ್ಲ. ಸಭೆ ಮುಗಿಯುವ ಮುನ್ನ ಅಧ್ಯಕ್ಷ ಎದ್ದುಹೋಗುವುದೂ ಅಲ್ಲ. "ದಯವಿಟ್ಟು" ಎಂದು ಎರಡೂ ಕೈ ಚಾಚಿದ. "ದಯವಿಟ್ಟು ಎಲ್ರೂ ನಿಮ್ಮ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ."

"ದಯವಿಟ್ಟು" ಎಂದಿತು ಸಭೆ, ಅವನ ಕಡೆ ಎರಡೂ ಕೈ ಚಾಚಿ.

ತಾಯಿ ಮಗಳು ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಅಷ್ಟರಲ್ಲೂ ಗುನ್‌ವೋರ್ ತನ್ನ ಬೂಟು ಹುಡುಕಲು ಬಗ್ಗಿದಳು. "ಅಮ್ಮಾ!" ಎಂದು ಎಲ್ದ್ರಿದ್ ಅವಳ ರಟ್ಟೆ ಹಿಡಿದು ಎಳೆದಳು. ಇಬ್ಬರೂ ಕಾಲುಚೀಲದಲ್ಲೇ ಹಿಮದ ಕೆಸರಿನಲ್ಲಿ ಓಡಿದರು. ಹಿಂದೆ ಆಸ್ಲಾಕ್ ಒಮ್ಮೆ ಕಿರುಚಿದ, ಉದ್ದಕ್ಕೆ. ದಿಬ್ಬ ಇಳಿಯುವಾಗ ಸಭಾಭವನದಿಂದ ಒಂದೇ ದನಿಯಲ್ಲಿ ಹೊರಟ ಮಾತು ಅವರ ಕಿವಿಗೆ ಬಿತ್ತು.

"ಊಟಕ್ಕೆ ಥ್ಯಾಂಕ್ಸ್."

ಯೂಸ್ತೈನ್ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ, ಮುರಿದ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು. ಒಡ್ಡಿನ ಮೇಲಿನ ಸಾಲು ಅವನಿಂದ ಕಲ್ಲೆಸೆತದಷ್ಟು ದೂರಕ್ಕೆ ಬಂದಿತ್ತು. ಮುಂದೆ ಅಂಚೆಯವನು, ಖಾಲಿ ಚೀಲ ಹೆಗಲಲ್ಲಿ. ಗುನ್‌ವೋರ್‌ಳ ಕೈಯಿಂದ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಮೂರನೆಯ ಸಲ ಬೀಗ ತೆರೆಯಿತು. ಎಲ್ದ್ರಿದ್ ಅಣ್ಣನನ್ನು ಒಳಗೆಳೆದುಕೊಂಡು ಗೇಟು ತಳ್ಳಿ ಬೀಗ ಹಾಕಿದಳು. ಸರಳುಗಳ ಆಚೆಯಿಂದ ಅಂಚೆಯವನು ಅವಳಿಗೆ ಸವಿಯಾಗಿ ಥ್ಯಾಂಕ್ಸ್ ಹೇಳಿದ.

"ದೋಣಿಗೆ ನಡೀರಿ" ಎಂದಳು ಎಲ್ದ್ರಿದ್. "ಮೇಲೆ ಊರಲ್ಲೂ ಗಿಳಿಗಳೇ ಇದಾವೆ. ಉಳಿದಿರೋದು ನಾವು ಮೂರೇ ಜನ."

ಯೂಸ್ತೈನ್ ಹೆಜ್ಜೆ ಎತ್ತಲಿಲ್ಲ. ತಾಯಿಯನ್ನೇ ನೋಡುತ್ತಿದ್ದ. "ಇವಳು?" ಎಂದು ತಂಗಿಯನ್ನು ಕೇಳಿದ. ಎಲ್ದ್ರಿದ್ ತನ್ನ ಕೆನ್ನೆ ತೋರಿಸಿದಳು. ಐದು ಬೆರಳೂ ಮೂಡಿದ್ದವು. ಅದು ಅವನಿಗೆ ಸಾಕಾಗಲಿಲ್ಲ.

"ಆವತ್ತು ಗೇಟಿಗೆ ಕಾಣೋ ನಮ್ಮನೆ ಕಿಟಕಿ ಹತ್ರ ನಿಂತಿದ್ದೆ ನೀನು" ಎಂದ ತಾಯಿಗೆ. "ನಾನು ನೋಡ್ದೆ. ನಾನು ಅಮ್ಮಾ ಅಂತ ಕೂಗಿದ್ದು ನಿಂಗೆ ಕೇಳಿಸ್ತು. ನೀನು ಪರದೆ ಎಳ್ಕೊಂಡೆ. ಹೇಡಿ ಮುದುಕಿ. ಆ ಮುದುಕ, ಅವನ ಹೆಸರು ಕೂಡ ನಂಗೆ ಗೊತ್ತಿರ್ಲಿಲ್ಲ, ಸಾಯ್ತಾ ಸಾಯ್ತಾ ನನ್ನ ತಲೆ ಸವರಿದ. ನೀನು ಪರದೆ ಎಳ್ಕೊಂಡೆ."

ಪರದೆಯ ವಿಷಯ ಎಲ್ದ್ರಿದ್‌ಗೆ ಗೊತ್ತಿರಲಿಲ್ಲ. ಗುನ್‌ವೋರ್ ಅಲ್ಲಗಳೆಯಲಿಲ್ಲ, ಕಾರಣ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಕ್ಷಮಿಸು ಎನ್ನುವ ಮಾತು ಅಲ್ಲಿ ಎಲ್ಲರ ನಾಲಿಗೆಯ ಮೇಲೂ ಸವೆದು ಹೋಗಿತ್ತು. ಅವಳು ಮಗನ ಹರಕು ಕೋಟಿನ ಎದೆ ಹಿಡಿದುಕೊಂಡು ಹೋ ಎಂದು ಅತ್ತಳು. ಮೂಗು, ಬಾಯಿ, ಗಲ್ಲ ಎಲ್ಲ ಒದ್ದೆಯಾಗಿ, ನೋಡುವವರಿಗೆ ನಾಚಿಕೆಯಾಗುವ ಹಾಗೆ ಅತ್ತಳು.

"ಬೈಯೋ" ಎಂದಳು. "ಇನ್ನೂ ಬೈಯಿ."

ಯೂಸ್ತೈನ್ ಒಂದು ಕೈಯಿಂದ ಅವಳ ಸೊಂಟ ಬಳಸಿ ಹಿಡಿದು ದೋಣಿಕಟ್ಟೆಯ ಕಡೆ ನಡೆಸಿಕೊಂಡು ಹೊರಟ. ದೋಣಿ ಬಿಚ್ಚುವಾಗಲೂ ಬೈದ, ನೀರಿಗೆ ತಳ್ಳುವಾಗಲೂ ಬೈದ. ಹುಟ್ಟು ಹಾಕುತ್ತ ಅವನ ಉಸಿರು ಸಾಲದೆ ಬಂದಾಗ ಎಲ್ದ್ರಿದ್ ಬೈಗುಳ ಮುಂದುವರಿಸಿದಳು. ಗುನ್‌ವೋರ್ ಇಬ್ಬರ ನಡುವೆ ಕೂತು, ಒದ್ದೆ ಕಾಲುಚೀಲದ ಕಾಲುಗಳನ್ನು ಮಡಿಲಿಗೆ ಎಳೆದುಕೊಂಡು, ಒಂದೊಂದು ಮಾತಿಗೂ ಅಳುತ್ತ, ನಡುನಡುವೆ "ಅದು ಸುಳ್ಳು, ಅದನ್ನ ನಾನು ಮಾಡ್ಲಿಲ್ಲ!" ಎಂದು ತಿರುಗಿ ಜಗಳವಾಡುತ್ತ ಹೋದಳು.